ಕಾಸರಗೋಡಿನ ಹಳೆ ಹಂಚಿನ ಮನೆಗೆ ಹೊರಬಣ್ಣ ಆರಿಸುವುದು ಹೇಗೆ?

ಪಕ್ಕಾಸು ಬದಲಿಸಿ, ಒಡೆದ ಹಂಚು ತೆಗೆದು, ಉದುರಿದ ಸಾರಣೆ ಸರಿಮಾಡಿಸಿದ ಮೇಲೆ ಬಣ್ಣದ ಮಾತು ಬರುತ್ತದೆ. ಹೆಚ್ಚಿನವರು ಆಗ ನೇರ ಪೈಂಟ್ ಅಂಗಡಿಗೆ ಹೋಗಿ ಶೇಡ್ ಕಾರ್ಡ್ ಬಿಡಿಸುತ್ತಾರೆ. ಕಾರ್ಡ್ ಆಮೇಲಿರಲಿ. ಮೊದಲು ಅಂಗಳದ ತುದಿಯಲ್ಲಿ ನಿಂತು, ನಿಮ್ಮಿಂದ ಬದಲಿಸಲಾಗದ ಬಣ್ಣಗಳು ಯಾವುವು ಎಂದು ನೋಡಿ. ಮಂಗಳೂರು ಹಂಚು ಹೊಸತಾದರೆ ಕಿತ್ತಳೆಗೆಂಪು, ಹಳತಾದರೆ ಹಾವಸೆ ಹಿಡಿದ ಕಪ್ಪುಗೆಂಪು. ದುರಸ್ತಿಯಾದ ಮಾಡಿನಲ್ಲಿ ಎರಡೂ ಬೆರೆತಿರುತ್ತವೆ. ಸಾರಣೆಯಿಲ್ಲದ ಕಡೆ ಮುರಕಲ್ಲಿನ ಕೆಂಪು, ಕೆಳಗೆ ಅಂಗಳದ ಕೆಮ್ಮಣ್ಣು. ಗೋಡೆಯ ಬಣ್ಣ ಇವುಗಳ ನಡುವೆ ಕೂರಬೇಕು.

ಹಾಗಾಗಿ ಗುಲಾಬಿ, ನೇರಳೆ, ತಿಳಿಗೆಂಪು ಇಲ್ಲಿ ಸೋಲುತ್ತವೆ. ಹಂಚಿನ ಕೆಂಪಿನ ಪಕ್ಕ ಅವು ಮಾಸಿದಂತೆ ಕಾಣುತ್ತವೆ. ಸುಣ್ಣದ ಬಿಳಿ, ಕೆನೆಬಣ್ಣ, ರಾಮರಜದ (ಹಳದಿ ಮಣ್ಣಿನ ಹುಡಿ) ತಿಳಿಹಳದಿ, ಮಣ್ಣು ಬೆರೆತಂಥ ಬೂದು ಚೆನ್ನಾಗಿ ಹೊಂದುತ್ತವೆ. ಮನೆಯ ಸುತ್ತ ಅಡಿಕೆ ತೋಟ ಒತ್ತಿಕೊಂಡಿದ್ದರೆ ಇನ್ನೊಂದು ವಿಷಯ: ಎಲೆಗಳಿಂದ ಮರಳಿ ಬೀಳುವ ಬೆಳಕೇ ಹಸಿರು. ಅಚ್ಚ ಬಿಳಿ ಅಲ್ಲಿ ರೋಗಿಷ್ಠವಾಗಿ ಹಸಿರೇರುತ್ತದೆ. ತುಸು ಹಳದಿ ಅಥವಾ ಕಾವಿ ಸೇರಿದ ಬಿಳಿ ಆ ಹಸಿರನ್ನು ಕೊಲ್ಲುತ್ತದೆ. ಕುಂಬಳೆ, ಮಂಜೇಶ್ವರದ ಕಡಲಬದಿಯ ಬಯಲಿನಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಬಿಳಿ ಬಿಳಿಯಾಗಿಯೇ ಕಾಣುತ್ತದೆ, ಮಧ್ಯಾಹ್ನ ಕಣ್ಣು ಕುಕ್ಕುತ್ತದೆ ಅಷ್ಟೆ.

ಇಂಟರ್‌ನೆಟ್ಟಿನಲ್ಲಿ ಅಮೆರಿಕದ ವಿಕ್ಟೋರಿಯನ್ ಮನೆಗಳ (ವಿಕ್ಟೋರಿಯಾ ರಾಣಿಯ ಕಾಲದ ಶೈಲಿಯವು) ಚಿತ್ರ ನೋಡಿ ಐದಾರು ಬಣ್ಣ ಕೇಳುವವರಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದ ಆ ಮನೆಗಳು ಮರದವು. ಮುಂಭಾಗದ ಕೆತ್ತನೆ, ಪಟ್ಟಿ, ಕಂಬಗಳು ಎದ್ದು ಕಾಣಲೆಂದು 1960ರ ದಶಕದಿಂದೀಚೆಗೆ ಅಲ್ಲಿ ಹಾಗೆ ಬಳಿಯತೊಡಗಿದರು. ನಮ್ಮ ಮನೆಗಳಲ್ಲಿ ಅಷ್ಟು ಅಂಚುಗಳೇ ಇಲ್ಲ. ಗೋಡೆಗೊಂದು, ಪಂಚಾಂಗಕ್ಕೆ ಅಂದರೆ ಗೋಡೆಯ ಬುಡಕ್ಕೊಂದು, ಮರಕ್ಕೊಂದು, ಮೂರು ಬಣ್ಣ ಧಾರಾಳ ಸಾಕು.

ಈ ಮೂರರಲ್ಲಿ ಪಂಚಾಂಗದ ಪಟ್ಟಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮನೆ ಹಾಳಾಗಿ ಕಾಣುವುದು ಅಲ್ಲಿಂದಲೇ. ಮಾಡಿನಂಚಿನಿಂದ ಸುರಿಯುವ ನೀರು ಅಂಗಳಕ್ಕೆ ಬಿದ್ದು, ಕೆಮ್ಮಣ್ಣನ್ನೆತ್ತಿ ಗೋಡೆಗೆ ಎರಚುತ್ತದೆ. ಮಳೆಗಾಲ ಮುಗಿದ ಕೂಡಲೇ, ತೊಳೆಯುವ ಮೊದಲು, ಆ ಕೆಂಪು ಕಲೆ ಎಲ್ಲಿವರೆಗೆ ಏರಿದೆಯೆಂದು ಅಳೆದುಕೊಳ್ಳಿ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಅಡಿ. ಅದಕ್ಕೆ ಮೂರು ಇಂಚು ಸೇರಿಸಿದಷ್ಟು ಎತ್ತರಕ್ಕೆ ದಟ್ಟ ಕಾವಿಯ ಪಟ್ಟಿ ಎಳೆಸಿ. ಎಷ್ಟೇ ಕೆಸರು ಹಾರಿದರೂ ಕಲೆ ಕಾಣದು. ಹಳಬರು ಕೆಳಪಟ್ಟಿಗೆ ಕಾವಿ ಬಳಿದದ್ದು ಚಂದಕ್ಕೆ ಮಾತ್ರ ಅಲ್ಲ. ಇದೇ ಜಾಗಕ್ಕೆ ಸಿಮೆಂಟ್ ಸಾರಣೆ ಮಾಡಿಸಬೇಡಿ. ನೆಲದಿಂದೇರುವ ಪಸೆಗೆ ಹೊರಬರಲು ದಾರಿ ಸಿಗದೆ ಅದು ಇನ್ನೂ ಮೇಲೇರಿ, ಪಟ್ಟಿಯ ಮೇಲ್ಗಡೆ ಉಪ್ಪು ಒಡೆದು ಸಾರಣೆ ಉದುರುತ್ತದೆ.

ಬಣ್ಣ ಉಳಿಯುವುದೋ ಇಲ್ಲವೋ ಎಂಬುದು ಗೋಡೆಯ ಮೇಲೆ ಈಗ ಏನಿದೆ ಎನ್ನುವುದರ ಮೇಲಿದೆ. ಅಂಗೈಯಿಂದ ಉಜ್ಜಿ ನೋಡಿ, ಬಿಳಿ ಹುಡಿ ಬಂದರೆ ಸುಣ್ಣ. ನೀರು ಚಿಮುಕಿಸಿ, ಕೂಡಲೇ ಹೀರಿದರೆ ಸುಣ್ಣ, ಹನಿಯಾಗಿ ಜಾರಿದರೆ ಎಮಲ್ಷನ್, ಅಂದರೆ ನೀರಿನಲ್ಲಿ ಕಲಸಿ ಹೊಡೆಯುವ ಡಬ್ಬಿಯ ಪೈಂಟ್. ಸುಣ್ಣದ ಹುಡಿಯ ಮೇಲೆ ಎಮಲ್ಷನ್ ಹೊಡೆದರೆ ಅದು ಆ ಹುಡಿಯನ್ನೇ ಹಿಡಿದುಕೊಂಡು ಹಾಳೆಯಂತೆ ಏಳುತ್ತದೆ. ಎಮಲ್ಷನ್ ಮೇಲೆ ಸುಣ್ಣ ಹಿಡಿಯುವುದೇ ಇಲ್ಲ. ಮುರಕಲ್ಲು ತೂತುತೂತಿನ ಕಲ್ಲು. ಮಳೆಗಾಲದಲ್ಲಿ ನೀರು ಕುಡಿದು ಬೇಸಗೆಯಲ್ಲಿ ಬಿಡುತ್ತದೆ. ಆದ್ದರಿಂದ ಸುಣ್ಣದ ಸಾರಣೆ ಉಳಿದಿರುವ ಮನೆಗೆ ಸುಣ್ಣದ ಬಣ್ಣವೇ ಸರಿ. ಮೊದಲೇ ಎಮಲ್ಷನ್ ಆಗಿಹೋಗಿದ್ದರೆ, ಪೂರ್ತಿ ಕೆರೆಸುವ ಖರ್ಚು ಬೇಡವಾದರೆ, ಅದರಲ್ಲೇ ಮುಂದುವರಿಯಿರಿ. ಆದರೆ ಮೊದಲು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಮೈಯಲ್ಲಿ ನೀರು ಕಟ್ಟಿದರೆ ಗೋಡೆ ಒಣಗಿಲ್ಲ, ಕಾಯಬೇಕು.

ಸುಣ್ಣಕ್ಕೆ ಲೆಕ್ಕ ಹೀಗೆ: 1 ಕಿಲೊ ಸುಟ್ಟ ಸುಣ್ಣಕ್ಕೆ 5 ಲೀಟರ್ ನೀರು. ನೀರಿಗೆ ಸುಣ್ಣ ಹಾಕಿ, ಸುಣ್ಣಕ್ಕೆ ನೀರಲ್ಲ; ಕೊತಕೊತ ಕುದಿದು ಹಾರುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಪ್ಲಾಸ್ಟಿಕ್ ಬಕೆಟ್ ಬೇಡ. 24 ಗಂಟೆ ನೆನೆದ ಮೇಲೆ ಬಟ್ಟೆಯಲ್ಲಿ ಸೋಸಿ, 20 ಗ್ರಾಂ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ. ಬಣ್ಣದ ಹುಡಿ ಒಂದು ಕಿಲೊ ಸುಣ್ಣಕ್ಕೆ 100 ಗ್ರಾಂ ದಾಟಬಾರದು, ದಾಟಿದರೆ ಒರಗಿದವರ ಬೆನ್ನಿಗೆ ಹತ್ತುತ್ತದೆ. ಹುಡಿಯನ್ನು ಮೊದಲು ನೀರಲ್ಲಿ ಕಲಸಿ ಗಟ್ಟಿ ಹಿಟ್ಟಿನಂತೆ ಮಾಡಿಕೊಳ್ಳದಿದ್ದರೆ ಗೋಡೆಯಲ್ಲಿ ಗೆರೆ ಬೀಳುತ್ತದೆ. ಕಾವಿ, ರಾಮರಜದಂಥ ಕಬ್ಬಿಣದ ಬಣ್ಣಗಳು ಸುಣ್ಣದ ಖಾರಕ್ಕೆ ಜಗ್ಗುವುದಿಲ್ಲ. ಬಟ್ಟೆಗೆ ಹಾಕುವ ಹುಡಿನೀಲಿಯೂ ತಾಳುತ್ತದೆ. ಪ್ರಷ್ಯನ್ ನೀಲಿ ಮಾತ್ರ ಸುಣ್ಣದಲ್ಲಿ ಕೆಟ್ಟು ಕಂದಾಗುತ್ತದೆ. ಗೋಡೆ ಒದ್ದೆ ಮಾಡಿ, ತೆಳ್ಳಗೆ ಮೂರು ಸಲ, ದಿನ ಬಿಟ್ಟು ದಿನ ಬಳಿಯಿರಿ. ದಪ್ಪಗೆ ಒಂದೇ ಸಲ ಮುಗಿಸಿದರೆ ಬಿರಿದು ಉದುರುತ್ತದೆ.

ಬಾಗಿಲು, ದಾರಂದ, ಕಿಟಕಿ ದಳಿಗಳಿಗೆ ಕಡು ಹಸಿರು ಅಥವಾ ಕಡು ಕಂದು ಎನಾಮೆಲ್. ತೇಗ, ಹಲಸಿನ ಒಳ್ಳೆಯ ಮರವಿದ್ದರೆ ಬಣ್ಣ ಕೆರೆದು ಎಣ್ಣೆ ಹಚ್ಚುವುದು ಹೆಚ್ಚು ಚಂದ. ಗೇರುಬೀಜದ ಸಿಪ್ಪೆಯ ಎಣ್ಣೆ ಕುಡಿದ ಮರಕ್ಕೆ ಬಿಳಿ, ಕೆನೆಬಣ್ಣ ಹೊಡೆಸಬೇಡಿ, ಕಂದು ಕಲೆ ಮೇಲೆ ಒಸರುತ್ತದೆ. ಹಳೆಯ ಎನಾಮೆಲ್‌ನಲ್ಲಿ ಸೀಸ ಇರಬಹುದು. ಭಾರತದಲ್ಲಿ ಅದಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರಲ್ಲಷ್ಟೆ. ಒಣ ಕಾಗದದಿಂದ ತಿಕ್ಕದೆ ನೀರು ಹಾಕಿ ತಿಕ್ಕಿಸಿ, ಮಕ್ಕಳನ್ನು ದೂರವಿಡಿ.

ನಿರ್ಧಾರ ಮಾತ್ರ ಗೋಡೆಯ ಮೇಲೇ ಆಗಬೇಕು. ಕಾರ್ಡಿನ ಚೂರಿನಲ್ಲಿ ತೆಳುವಾಗಿ ಕಂಡದ್ದು ಇಡೀ ಗೋಡೆಯಲ್ಲಿ ಭಾರೀ ಗಾಢವಾಗುತ್ತದೆ, ಕಾರ್ಡಿನಲ್ಲಿ ಒಂದು ಮೆಟ್ಟಿಲು ತೆಳುವಾದುದನ್ನೇ ತೆಗೆದುಕೊಳ್ಳಿ. ಮೂರಡಿ ಚೌಕದ ತುಂಡುಗಳನ್ನು ಪಡುಗೋಡೆಯಲ್ಲೂ ಜಗಲಿಯ ನೆರಳಲ್ಲೂ ಎರಡು ಸಲ ಬಳಿದು, ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ನೋಡಿ. ಸುಣ್ಣದ ಬಣ್ಣ ಹಸಿಯಲ್ಲಿ ಕಡುವಾಗಿ ಕಂಡು ಒಣಗಿದಾಗ ಬಹಳ ತಿಳಿಯಾಗುವುದರಿಂದ ಎರಡು ದಿನ ಬಿಟ್ಟೇ ತೀರ್ಮಾನಿಸಿ.

ಕೆಲಸಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಮಳೆ ಹಸಿ ಬಣ್ಣವನ್ನು ತೊಳೆದುಬಿಡುತ್ತದೆ, ಮಾರ್ಚಿನ ಬಿಸಿಲಿಗೆ ಸುಣ್ಣ ಗಟ್ಟಿಯಾಗುವ ಮೊದಲೇ ಒಣಗಿ ಹುಡಿಯಾಗುತ್ತದೆ. ಎಮಲ್ಷನ್ನಿಗಾದರೆ ಡಬ್ಬಿಯಲ್ಲಿ ಲೀಟರಿಗೆ ಎರಡು ಸಲಕ್ಕೆ 50-60 ಚದರಡಿ ಎಂದು ಬರೆದಿದ್ದರೂ ಹಳೆಯ ಒರಟು ಸಾರಣೆಗೆ 45 ಎಂದೇ ಹಿಡಿಯಿರಿ. ಬಾಗಿಲು ಕಿಟಕಿ ಕಳೆದು 1,000 ಚದರಡಿ ಉಳಿದರೆ 22 ಲೀಟರ್ ಚಿಲ್ಲರೆ ಬೇಕು. 20ರದ್ದು ಒಂದು, 4ರದ್ದು ಒಂದು ಡಬ್ಬಿ ತಂದು, ಎರಡನ್ನೂ ದೊಡ್ಡ ಪಾತ್ರೆಯಲ್ಲಿ ಬೆರೆಸಿಯೇ ಸುರುಮಾಡಲು ಪೈಂಟಿನವರಿಗೆ ಹೇಳಿ. ಬೇರೆ ಬೇರೆ ಡಬ್ಬಿಯ ಬಣ್ಣ ಗೋಡೆಯ ನಡುವೆ ಸಂಧಿಸಿದರೆ ಆ ಗೆರೆ ಮುಂದಿನ ಸಲ ಬಳಿಯುವವರೆಗೂ ಕಾಣುತ್ತಿರುತ್ತದೆ.