ಕೋಸಿನ ಎಲೆ ಬ್ರಾಯ್ಲರ್ ಕೋಳಿಗೆ: ಮೊದಲು ನೀರು ಇಳಿಯಲಿ

ಹೂಕೋಸು ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಎಲೆಯ ರಾಶಿ ಕಂಡರೆ ಕೋಳಿ ಸಾಕಿದವರ ಕೈ ಸುಮ್ಮನಿರುವುದಿಲ್ಲ. ನಾನೂ ಒಮ್ಮೆ ಒಂದು ಬುಟ್ಟಿ ಹಸಿ ಎಲೆಯನ್ನು ಹಾಗೆಯೇ ಶೆಡ್ಡಿನೊಳಗೆ ಸುರಿದಿದ್ದೆ. ಕೋಳಿಗಳು ಮುಗಿಬಿದ್ದು ತಿಂದವು. ಮರುದಿನ ಹಿಕ್ಕೆ ನೀರಾಗಿತ್ತು, ನೆಲದ ಹಾಸು ಒದ್ದೆಯಾಗಿ ಅಮೋನಿಯದ ಘಾಟು ಕಣ್ಣು ಉರಿಸುತ್ತಿತ್ತು. ಹಸಿ ಸೊಪ್ಪಿನಲ್ಲಿ ನೂರಕ್ಕೆ 85ರಿಂದ 90 ಪಾಲು ನೀರೇ. ಐದಾರು ವಾರಗಳಲ್ಲಿ ತೂಕ ಕಟ್ಟಬೇಕಾದ ಕೋಳಿಯ ಹೊಟ್ಟೆ ನೀರಿನಿಂದ ತುಂಬಿದರೆ ಕಾಳಿಗೆ ಜಾಗವೆಲ್ಲಿ?

ಮೊದಲು ಆರಿಸಿಕೊಳ್ಳಿ. ಎಲೆಕೋಸು, ಹೂಕೋಸಿನ ಎಲೆ, ಕ್ಯಾರೆಟ್ ಸೊಪ್ಪು, ಕುಂಬಳದ ತಿರುಳು ಆಗುತ್ತವೆ. ಟೊಮೆಟೊ ಗಿಡದ ಎಲೆ, ಹಸಿರು ತಿರುಗಿದ ಅಥವಾ ಮೊಳಕೆ ಬಂದ ಆಲೂಗಡ್ಡೆ, ಬೇಯಿಸದ ಹುರುಳಿಕಾಯಿ ಬೀಜ ಬೇಡ; ಅವುಗಳಲ್ಲಿ ವಿಷವಿದೆ. ಬೂಷ್ಟು ಕಂಡದ್ದನ್ನು ಕೊಳೆತ ಭಾಗ ಕತ್ತರಿಸಿ ಬಳಸೋಣ ಎನ್ನುವ ಉಳಿತಾಯ ಬುದ್ಧಿಯೂ ಬೇಡ. ಕೀಟನಾಶಕ ಸಿಂಪಡಿಸಿದ್ದರೆ ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮುಗಿದಿರಬೇಕು. ಆದರೆ ಆ ಅವಧಿ ಮನುಷ್ಯರು ತಿನ್ನುವ ಭಾಗವನ್ನು ಲೆಕ್ಕ ಹಾಕಿ ಬರೆದದ್ದು. ಹೊರಗಿನ ಎಲೆಗೆ ಔಷಧ ಹೆಚ್ಚು ತಾಗಿರುವುದರಿಂದ, ಅನುಮಾನವಿದ್ದರೆ ಅದನ್ನು ಗೊಬ್ಬರದ ಗುಂಡಿಗೆ ಹಾಕಿ.

ಮಣ್ಣು ಹೋಗುವಂತೆ ತೊಳೆದು ಎರಡು ಬೆರಳಗಲ ಹೆಚ್ಚಿ. ದಪ್ಪ ದಂಟನ್ನು ಬೇರೆಯಾಗಿ ಇಡಿ. ಅದು ನಿಧಾನವಾಗಿ ಒಣಗುತ್ತದೆ, ನಾರೂ ಹೆಚ್ಚು. ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಿ, ದಿನಕ್ಕೆ ಎರಡು ಮೂರು ಸಲ ತಿರುವಿ ಹಾಕಿ. ಬಿಸಿಲಿನಲ್ಲಿ ಬೇಗ ಒಣಗುತ್ತದೆ ನಿಜ, ಆದರೆ ಕೋಳಿಯ ಚರ್ಮಕ್ಕೆ ಹಳದಿ ಬಣ್ಣ ಕೊಡುವ ಅಂಶ ಹಾಳಾಗುತ್ತದೆ. ಎಲೆ ಮುಟ್ಟಿದರೆ ಗರಿಗರಿಯಾಗಿ ಪುಡಿಯಾಗುವ ತನಕ ಕಾಯಿರಿ. ನಂತರ ಬೀಸಿ, ಗಾಳಿ ತಾಗದ ಡಬ್ಬದಲ್ಲಿ ತುಂಬಿಡಿ. ನೂರು ಕಿಲೊ ಎಲೆಯಿಂದ ಸುಮಾರು ಹತ್ತು ಕಿಲೊ ಪುಡಿ ಸಿಕ್ಕರೆ ಅದೇ ಲೆಕ್ಕ.

ಮೂರು ವಾರ ತುಂಬದ ಮರಿಗಳಿಗೆ ಇದು ಬೇಡ. ಅನಂತರ ನೂರು ಕಿಲೊ ಮೇವಿಗೆ ಎರಡು ಕಿಲೊದಿಂದ ಆರಂಭಿಸಿ, ವಾರದಲ್ಲಿ ಐದಕ್ಕೆ ಏರಿಸಿ. ಅಲ್ಲಿಗೆ ನಿಲ್ಲಿಸುವುದು ನನ್ನ ಮಟ್ಟಿಗೆ ಜಾಣತನ. ನಾರು ಹೆಚ್ಚಾದರೆ ಮೇವಿನ ಶಕ್ತಿಯ ಅಂಶ ಕುಗ್ಗುತ್ತದೆ. ಪುಡಿಯನ್ನು ಸಿದ್ಧ ಮೇವಿನ ಮೇಲೆ ಉದುರಿಸುವುದಕ್ಕಿಂತ ಪೂರ್ತಿ ಕಲಸಿ ಕೊಡಿ, ಇಲ್ಲವಾದರೆ ಕೋಳಿಗಳು ಕಾಳನ್ನು ಹೆಕ್ಕಿ ಪುಡಿಯನ್ನು ತಳದಲ್ಲಿ ಉಳಿಸುತ್ತವೆ.

ಎಲ್ಲ ಕೋಳಿಗಳಿಗೂ ಒಮ್ಮೆಲೇ ಕೊಡಬೇಡಿ. ಇಪ್ಪತ್ತನ್ನು ಬೇರೆ ಮಾಡಿ ಅವಕ್ಕಷ್ಟೇ ಕೊಟ್ಟು, ವಾರಕ್ಕೊಮ್ಮೆ ಉಳಿದವುಗಳ ಜತೆ ತೂಗಿ ನೋಡಿ. ಅವು ಹಿಂದೆ ಬಿದ್ದರೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ.