ಕರೆಂಟ್ ಬಂದ ಮೇಲೆ ಏಳದ ಬೋರ್ಡು

ಬೆಳಗಿನ ಐದೂವರೆಗೆ ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಿಂದ ಫೋನ್ ಬಂತು. "ಸರ, ರಾತ್ರಿ ಕರೆಂಟ್ ಹೋಗಿ ಬಂತ್ರಿ. ಡ್ರೈಯರ್ ನಡದೈತಿ, ನಿಮ್ಮ ಡಬ್ಬಿ ಮಾತ್ರ ಎದ್ದಿಲ್ರಿ" ಅಂದ ಪ್ಯಾನೆಲ್ ನೋಡಿಕೊಳ್ಳುವ ಹುಡುಗ. ಆ ವಾರದಲ್ಲಿ ಅದು ಮೂರನೇ ಸಲ. ಕೊಯ್ಲಿನ ದಿನಗಳು, ಅಂಗಳದ ತುಂಬ ಹಸಿ ಭತ್ತ. ಡ್ರೈಯರ್ ಗಾಳಿ ಎಷ್ಟು ಬಿಸಿ ಇದೆ ಅಂತ ನಿಮಿಷ ನಿಮಿಷಕ್ಕೂ ಬರೆದಿಡುವುದು ನನ್ನ ಡಬ್ಬಿಯ ಕೆಲಸ. ಬಿಸಿ ಮೀರಿದರೆ ಕಾಳು ಒಳಗೇ ಬಿರುಕು ಬಿಟ್ಟು ಮಿಲ್ಲಿಂಗ್‌ನಲ್ಲಿ ನುಚ್ಚಾಗುತ್ತದೆ. ಒಂದು ರಾತ್ರಿಯ ದಾಖಲೆ ಇಲ್ಲವೆಂದರೆ ಆ ನುಚ್ಚು ಎಲ್ಲಿಂದ ಬಂತೆಂದು ಹೇಳುವವರು ಯಾರೂ ಇಲ್ಲ.

ಡಬ್ಬಿಯೊಳಗೆ ಇದ್ದದ್ದು ಎಎಂ335ಎಕ್ಸ್ ಚಿಪ್ಪಿನ ಸಣ್ಣ ಕಂಪ್ಯೂಟರ್ ಬೋರ್ಡು, ಲಿನಕ್ಸ್, ಅದನ್ನು ಎಬ್ಬಿಸುವ ಯು-ಬೂಟ್ ಎಂಬ ಪ್ರೋಗ್ರಾಮು. ಕರೆಂಟ್ ಬಂದ ಕೂಡಲೇ ಚಿಪ್ಪಿನೊಳಗಿನ ಖಾಯಂ ಕೋಡು ಎಂಎಲ್ಒ ಎಂಬ ಸಣ್ಣ ಫೈಲನ್ನು ಓದಿಕೊಳ್ಳುತ್ತದೆ. ಡಿಡಿಆರ್ ಮೆಮೊರಿ ಅಷ್ಟೊತ್ತಿಗೆ ಇನ್ನೂ ಎದ್ದಿರುವುದಿಲ್ಲ, ಅದನ್ನು ಎಬ್ಬಿಸುವುದೇ ಎಂಎಲ್ಒ ಕೆಲಸ. ಆಮೇಲೆ ಯು-ಬೂಟ್, ಕೊನೆಗೆ ಲಿನಕ್ಸಿನ ತಿರುಳಾದ ಕರ್ನೆಲ್. ಮನೆಯ ಮೇಜಿನ ಮೇಲೆ ಇದೆಲ್ಲ ಎಷ್ಟು ಸಲ ಪ್ಲಗ್ ಕಿತ್ತು ಹಾಕಿದರೂ ತಪ್ಪದೆ ನಡೆದಿತ್ತು.

ಮೊದಲು ಪವರ್ ಸಪ್ಲೈ ಮೇಲೆ ಅನುಮಾನ ಬಂತು. ಬದಲಿಸಿದೆ, ಫಲವಿಲ್ಲ. ಮಿಲ್ಲಿಗೇ ಹೋಗಿ ಬೋರ್ಡು ಬರೆಯುವ ಸಾಲುಗಳನ್ನು ತೋರಿಸುವ ಸೀರಿಯಲ್ ಕೇಬಲ್ ಹಾಕಿ ಎಂಸಿಬಿ ಇಳಿಸಿ ಏರಿಸಿದರೆ ಪ್ರತಿ ಸಲವೂ ಚೆನ್ನಾಗಿ ಎದ್ದಿತು. ಕೇಬಲ್ ತೆಗೆದು ಮನೆಗೆ ಬಂದೆ, ಮರುದಿನ ಮತ್ತೆ ಫೋನು. ಎರಡು ದಿನ ಹೀಗೇ ಆಯಿತು. ನಾನು ನೋಡುತ್ತಿರುವಾಗ ಸರಿ, ನೋಡದಿದ್ದಾಗ ಕೆಡುತ್ತದೆ ಎಂದರೆ ನೋಡುವ ಕೇಬಲ್ಲೇ ಏನೋ ಸರಿಮಾಡುತ್ತಿದೆ ಎಂದು ಹೊಳೆದದ್ದು ಮೂರನೇ ದಿನ. ಬೋರ್ಡಿನ ಕೇಳುವ ಪಿನ್ (ಆರ್‌ಎಕ್ಸ್) ಬಿಟ್ಟು, ಗ್ರೌಂಡ್ ಮತ್ತು ಹೇಳುವ ಪಿನ್ (ಟಿಎಕ್ಸ್) ಎರಡನ್ನೇ ಜೋಡಿಸಿ 115200 ವೇಗದಲ್ಲಿ ಕೇಳಿಸಿಕೊಂಡೆ. ಆರನೇ ಸಲ ಸಿಕ್ಕಿತು. ಕೀ ಒತ್ತಿದರೆ ಆಟೋಬೂಟ್ (ತಾನೇ ಲಿನಕ್ಸ್ ಎಬ್ಬಿಸುವುದು) ನಿಲ್ಲುತ್ತದೆ ಎಂಬ ಸಾಲು ಬಂತು, ಅದರ ಕೆಳಗೆ ಯಾರೂ ಒತ್ತದ ಎರಡು ವಕ್ರ ಅಕ್ಷರ, ಆಮೇಲೆ ಯು-ಬೂಟ್ ಪ್ರಾಂಪ್ಟ್. ಬೋರ್ಡು ಸತ್ತಿರಲಿಲ್ಲ. ಯಾರೋ ಏನೋ ಹೇಳುತ್ತಾರೆ ಅಂತ ರಾತ್ರಿಯಿಡೀ ಕಾದು ನಿಂತಿತ್ತು.

ತಪ್ಪು ನನ್ನದೇ. ಸೀರಿಯಲ್ ಪಿನ್ನುಗಳು (ಕನ್ಸೋಲ್) ಸುಲಭವಾಗಿ ಸಿಗಲಿ ಅಂತ ಪ್ಯಾನೆಲ್ ಬಾಗಿಲವರೆಗೆ ಒಂದೂವರೆ ಮೀಟರ್ ವೈರ್ ಎಳೆದು ತುದಿ ಖಾಲಿ ಬಿಟ್ಟಿದ್ದೆ, ಅದೂ ಬ್ಲೋವರ್ ಮೋಟರಿನ ಕೇಬಲ್ ಪಕ್ಕದಲ್ಲೇ. ಯುಎಆರ್‌ಟಿ ಲೈನು, ಅಂದರೆ ಈ ಸೀರಿಯಲ್ ವೈರು, ಸುಮ್ಮನಿರುವಾಗ ವೋಲ್ಟೇಜ್ ಮೇಲಿರಬೇಕು. ಒಂದು ಕ್ಷಣ ಕೆಳಗಿಳಿದರೂ ಅದು ಸ್ಟಾರ್ಟ್ ಬಿಟ್, ಅಂದರೆ ಒಂದು ಅಕ್ಷರದ ಶುರು, ಆಗಿಬಿಡುತ್ತದೆ. ಕರೆಂಟ್ ಬಂದಾಗ ಮೋಟರುಗಳ ದೊಡ್ಡ ಸ್ವಿಚ್ಚುಗಳಾದ ಕಾಂಟ್ಯಾಕ್ಟರುಗಳು ಬಡಿದುಕೊಳ್ಳುವ ಹೊತ್ತಿಗೇ ಯು-ಬೂಟ್ ಎರಡು ಸೆಕೆಂಡ್ ಕಿವಿ ತೆರೆದು ಕೂತಿರುತ್ತಿತ್ತು. ನನ್ನ ಕೇಬಲ್ ಹಾಕಿದಾಗ ಅದು ಲೈನನ್ನು ಗಟ್ಟಿಯಾಗಿ ಮೇಲೆ ಹಿಡಿಯುತ್ತಿತ್ತು.

ಯು-ಬೂಟ್ ಕೀಗಾಗಿ ಕಾಯುವ ಹೊತ್ತು, ಅಂದರೆ ಬೂಟ್‌ಡಿಲೇ, ಸೊನ್ನೆ ಮಾಡಿ ನೋಡಿದೆ. ಬಹಳ ಜನ ಇಲ್ಲಿಗೇ ಸಾಕು ಅಂದುಕೊಳ್ಳುತ್ತಾರೆ, ಸಾಲದು. ಸೊನ್ನೆ ಇದ್ದರೂ ಯು-ಬೂಟ್ ಒಂದು ಸಲ ಇಣುಕಿ ನೋಡುತ್ತದೆ, ಅಷ್ಟರೊಳಗೆ ಬಂದು ಬಿದ್ದಿರುವ ಅಕ್ಷರ ಸಿಕ್ಕರೆ ನಿಲ್ಲುತ್ತದೆ. ಮೈನಸ್ 2 ಕೊಟ್ಟರೆ ಕೀ ನೋಡುವುದನ್ನೇ ಬಿಡುತ್ತದೆ. ಆದರೆ ನಾಳೆ ಕರ್ನೆಲ್ ಕೆಟ್ಟರೆ ಒಳಗೆ ಹೋಗಲು ನನಗೂ ದಾರಿ ಇರುವುದಿಲ್ಲ. ಅದಕ್ಕೆ ಯು-ಬೂಟನ್ನು ಮತ್ತೆ ಕಂಪೈಲ್ ಮಾಡಿದೆ. ಆಟೋಬೂಟ್ ಕೀಡ್ ಆಯ್ಕೆ ಆನ್ ಮಾಡಿ, ನಿಲ್ಲಿಸುವ ಪದ ಇಷ್ಟೇ ಅಂತ ಕಾನ್ಫಿಗ್‌ನಲ್ಲಿ ಕೊಟ್ಟೆ: ಇಂಗ್ಲಿಷ್ ಅಕ್ಷರಗಳಲ್ಲಿ ಭತ್ತ. ಕಾಂಟ್ಯಾಕ್ಟರ್ ಎಷ್ಟೇ ಕಿಡಿ ಹಾರಿಸಲಿ, ಆ ಪದ ಟೈಪ್ ಮಾಡಲಾರದು. ಬೂಟ್ ರಿಟ್ರೈ ಕೂಡ ಹಾಕಿದೆ. ಪ್ರಾಂಪ್ಟಿನಲ್ಲಿ ಯಾರೂ ಏನೂ ಒತ್ತದಿದ್ದರೆ ನಿಗದಿತ ಹೊತ್ತಿನ ಮೇಲೆ ತಾನೇ ಮುಂದೆ ಹೋಗುತ್ತದೆ. ಒಂದು ಎಚ್ಚರ: ಹೊಸ ಯು-ಬೂಟ್ ಬರೆದರೂ ಇಎಂಎಂಸಿಯಲ್ಲಿ (ಬೋರ್ಡಿನ ಸ್ಟೋರೇಜ್ ಚಿಪ್ಪು) ಉಳಿಸಿದ ಹಳೆಯ ಎನ್ವಿರಾನ್‌ಮೆಂಟ್ (ಯು-ಬೂಟಿನ ಸೆಟ್ಟಿಂಗುಗಳು) ಹಾಗೇ ಇರುತ್ತದೆ, ಹಳೆಯ ಬೂಟ್‌ಡಿಲೇಯೇ ನಡೆಯುತ್ತದೆ. ಡಿಫಾಲ್ಟ್‌ಗೆ ತಂದು ಮತ್ತೆ ಸೇವ್ ಮಾಡಲೇಬೇಕು.

ವೈರು ಕಿತ್ತೆ. ಆರ್‌ಎಕ್ಸ್ ಪಿನ್ನಿಗೆ ಬೋರ್ಡಿನ 3.3 ವೋಲ್ಟಿನಿಂದ 10 ಕಿಲೋ ಓಮ್ ಪುಲ್-ಅಪ್, ಅಂದರೆ ಲೈನನ್ನು ಮೇಲೆ ಹಿಡಿಯುವ ರೆಸಿಸ್ಟರ್, ಬೆಸುಗೆ ಹಾಕಿದೆ. ಸಾಫ್ಟ್‌ವೇರ್ ಸರಿಯಾಯಿತು ಅಂತ ಈ ರೆಸಿಸ್ಟರ್ ಬಿಡಬಾರದು.

ಅದೇ ಹೋದಾಗ, ಒಬ್ಬರಾದ ಮೇಲೆ ಒಬ್ಬರು ಮಾತಾಡುವ ಆರ್‌ಎಸ್-485 ಲೈನನ್ನೂ ನೋಡಿದೆ. ಅದರ ಮೇಲೆ ಟೆಂಪರೇಚರ್ ಕಂಟ್ರೋಲರುಗಳ ಜೊತೆ ಮಾತಾಡುವ ಭಾಷೆ ಮೋಡ್‌ಬಸ್ ಆರ್‌ಟಿಯು, 9600 ವೇಗ. ಆಗಾಗ ಉತ್ತರದ ತಲೆಯೇ ಕತ್ತರಿಸಿ ಬರುತ್ತಿತ್ತು: 01 03 02 ಎಂದು ಶುರುವಾಗಬೇಕಾದದ್ದು 03 02 ಅಂತ. ಕಳಿಸುವ, ಕೇಳುವ ದಿಕ್ಕು ಬದಲಿಸುವ ಪಿನ್ನನ್ನು ನನ್ನ ಪ್ರೋಗ್ರಾಮೇ ಆಡಿಸುತ್ತಿತ್ತು. 9600ರಲ್ಲಿ ಒಂದು ಬೈಟಿಗೆ ಸುಮಾರು 1 ಮಿಲಿಸೆಕೆಂಡ್. ಲಿನಕ್ಸ್ ಬೇರೆ ಕೆಲಸದಲ್ಲಿ ಕೆಲವು ಮಿಲಿಸೆಕೆಂಡ್ ತಡಮಾಡಿದರೆ ನಾನಿನ್ನೂ ಲೈನ್ ಹಿಡಿದುಕೊಂಡಿರುವಾಗಲೇ ಕಂಟ್ರೋಲರ್ ಮಾತು ಶುರುಮಾಡಿರುತ್ತದೆ. ಈ ಕೆಲಸ ಪೋರ್ಟನ್ನು ನಡೆಸುವ ಕರ್ನೆಲ್ ಡ್ರೈವರಿಗೇ ಬಿಡಬೇಕು. ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನೆಲ್ಲಿಗೆ ಹೇಳುವ ಡಿವೈಸ್ ಟ್ರೀಯಲ್ಲಿ ಆ ಪೋರ್ಟಿಗೆ ಬೂಟ್ ಆಗುವಾಗಲೇ ಆರ್‌ಎಸ್-485 ಆನ್ ಅಂತ ಬರೆದು, ದಿಕ್ಕಿನ ಪಿನ್ನನ್ನು ಡ್ರೈವರ್ ತಾನೇ ಆಡಿಸುವ ಆರ್‌ಟಿಎಸ್ ಸಂಕೇತಕ್ಕೆ ಕೊಟ್ಟೆ. ಕೊನೆಯ ಬಿಟ್ ಹೊರಗೆ ಹೋದ ಮೇಲೆ ಡ್ರೈವರೇ ಪಿನ್ ಇಳಿಸುತ್ತದೆ. ಹಳೆಯ ಡ್ರೈವರ್ ಬಿಟ್ಟು 8250 ಡ್ರೈವರಿಗೆ ಬಂದಾಗ ಪೋರ್ಟಿನ ಹೆಸರು ಟಿಟಿವೈಒ ಹೋಗಿ ಟಿಟಿವೈಎಸ್ ಆಗಿತ್ತು, ಪ್ರೋಗ್ರಾಮಿನಲ್ಲಿ ಅದನ್ನೂ ತಿದ್ದಿದೆ. ದಿಕ್ಕಿನ ಪಿನ್ನಿಗೊಂದು ಕೆಳಗೆ ಹಿಡಿಯುವ ಪುಲ್-ಡೌನ್ ರೆಸಿಸ್ಟರ್ ಕೂಡ ಹಾಕಿದೆ. ಕರ್ನೆಲ್ ಏಳುವವರೆಗೆ ಅದನ್ನು ಹಿಡಿಯುವವರು ಯಾರೂ ಇಲ್ಲ. ಅಷ್ಟೊತ್ತು ಅದು ಮೇಲೆ ತೇಲಿದರೆ ಲೈನಿನಲ್ಲಿರುವ ಎಲ್ಲರ ಬಾಯಿ ಕಟ್ಟುತ್ತದೆ.

ಆಮೇಲೆ ಆ ಹುಡುಗನನ್ನೇ ಎಂಸಿಬಿ ಹತ್ತಿರ ನಿಲ್ಲಿಸಿದೆ. ಬ್ಲೋವರ್ ನಡೆಯುತ್ತಿರುವಾಗಲೇ ಐವತ್ತು ಸಲ ಇಳಿಸಿ ಏರಿಸಿದ, ಒಂದೊಂದು ಸಲವೂ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ. ಐವತ್ತಕ್ಕೆ ಐವತ್ತೂ ಎದ್ದಿತು. ಪ್ಯಾನೆಲ್ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿ ಬಂದೆ: ಯಾವ ಪಿನ್ ಯಾವುದು, ವೇಗ ಎಷ್ಟು, ನಿಲ್ಲಿಸುವ ಪದ ಯಾವುದು.