ನಮ್ಮದೇ ಬಿಲ್ ಹಾಕಿ ನೋಡಿ ಸಾಫ್ಟ್‌ವೇರ್ ತಗೊಂಡೆ

ಚಿಕ್ಕಮಗಳೂರಲ್ಲಿ ನನ್ನದು ಗೊಬ್ಬರ, ಔಷಧಿ ಅಂಗಡಿ. ಗಿರಾಕಿಗಳಲ್ಲಿ ಜಾಸ್ತಿ ಕಾಫಿ ತೋಟದವರು. ಮಳೆಗಾಲಕ್ಕೆ ಮುಂಚೆ, ಗಿಡಕ್ಕೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಒಯ್ಯುತ್ತಾರೆ, ದುಡ್ಡು ಬರುವುದು ಕಾಫಿ ಕೊಯ್ದು ಮಾರಿದ ಮೇಲೆ. ಉದ್ರಿ ಲೆಕ್ಕ ಸರಿ ಇದ್ದರೆ ಮಾತ್ರ ನಮ್ಮ ಅಂಗಡಿ ನಡೆಯುತ್ತದೆ. ಹಾಗಾಗಿ ಲೆಕ್ಕದ ಸಾಫ್ಟ್‌ವೇರ್ ಹುಡುಕುವಾಗ ಮೊದಲು ಪರೀಕ್ಷಿಸಿದ್ದೇ ಅದನ್ನು.

ಮಾರುವವರು ತೋರಿಸುವ ಮಾದರಿ ಲೆಕ್ಕದಲ್ಲಿ ಉದ್ರಿಯೂ ಇರಲ್ಲ, ವಾಪಸ್ ಬಂದ ಮಾಲೂ ಇರಲ್ಲ. ನಾನು ಹಳೇ ಬಿಲ್ ಪುಸ್ತಕದಿಂದ ಒಬ್ಬ ಗಿರಾಕಿಯ ಇಡೀ ವರ್ಷದ ಲೆಕ್ಕ ತೆಗೆದು ಟ್ರಯಲ್‌ನಲ್ಲಿ ಹಾಕಿದೆ. ಮೇ ತಿಂಗಳಲ್ಲಿ ಮೈಲುತುತ್ತ, ಸೆಪ್ಟೆಂಬರಲ್ಲಿ ಗೊಬ್ಬರ, ಅಕ್ಟೋಬರಲ್ಲಿ ಕಾಂಡಕೊರಕಕ್ಕೆ ಔಷಧಿ. ಅದರಲ್ಲಿ ಒಂದು ಬಾಟಲಿ ವಾಪಸ್. ಫೆಬ್ರವರಿಯಲ್ಲಿ ಅರ್ಧ ದುಡ್ಡು ಜಮೆ.

ಒಂದು ಸಾಫ್ಟ್‌ವೇರ್ ಬಂದ ದುಡ್ಡನ್ನು ಒಟ್ಟು ಬಾಕಿಯಲ್ಲಿ ಕಳೆದು ಸುಮ್ಮನಾಯಿತು. ಯಾವ ಬಿಲ್ ತೀರಿತು, ಯಾವುದು ಉಳಿಯಿತು ಅಂತ ತೋರಿಸಲೇ ಇಲ್ಲ. ನಾಳೆ ಗೌಡ್ರು ಬಂದು "ಮೇ ತಿಂಗಳ ಬಿಲ್ ಚುಕ್ತಾ ಆಯ್ತಲ್ವೇನ್ರೀ?" ಅಂದರೆ ನಾನು ತೋರಿಸಬೇಕಾದ್ದು ಅದನ್ನೇ ಅಲ್ವಾ? ಇನ್ನೊಂದರಲ್ಲಿ ವಾಪಸ್ ಬಂದ ಬಾಟಲಿ ಸ್ಟಾಕಿಗೇನೋ ಸೇರಿತು, ಆದರೆ ಅದರ ಬ್ಯಾಚ್ ನಂಬರ್ ಹೋಗಿತ್ತು. ಕೀಟನಾಶಕದ ಅವಧಿ ಮುಗಿಯುವ ದಿನ ಬ್ಯಾಚ್ ಜೊತೆಗೇ ಇರುತ್ತದೆ. ಬ್ಯಾಚ್ ತಪ್ಪಿದರೆ ಹಳೇ ಮಾಲು ಹೊಸದರ ಜೊತೆ ಬೆರೆತು ಹೋಗುತ್ತದೆ. ಅದನ್ನೂ ಬಿಟ್ಟೆ.

ನಮ್ಮಲ್ಲಿ ಗೊಬ್ಬರಕ್ಕೆ ಶೇ. 5, ಕೀಟನಾಶಕಕ್ಕೆ ಶೇ. 18 ಜಿಎಸ್‌ಟಿ, ಎರಡೂ ಒಂದೇ ಬಿಲ್ಲಿನಲ್ಲಿ ಬರುತ್ತವೆ. ಒಂದು ತಿಂಗಳ ಲೆಕ್ಕ ತೆಗೆದು ಆಡಿಟರ್‌ಗೆ ಕಳಿಸಿದೆ. ಖರೀದಿ ಲೆಕ್ಕ ಜಿಎಸ್‌ಟಿ ಪೋರ್ಟಲ್‌ನ 2ಬಿ (ನಮಗೆ ಮಾಲು ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ) ಜೊತೆ ತಾಳೆ ಆಗುತ್ತಾ ಅಂತ ಅವರೇ ನೋಡಿ ಹೇಳಿದರು.

ಮಳೆ ಜೋರಾದರೆ ಇಲ್ಲಿ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ. ಅದಕ್ಕೇ ನೆಟ್ ತೆಗೆದು, ಯುಪಿಎಸ್ ಮೇಲೆ ಬಿಲ್ ಹಾಕಿ ನೋಡಿದೆ. ಕೌಂಟರಲ್ಲಿ ಕೂರುವ ಹುಡುಗನ ಕೈಯಲ್ಲೂ ಹಾಕಿಸಿದೆ.

ಕೊನೆಗೆ ರೇಟಿನ ಮಾತು. ಮೊದಲ ವರ್ಷದ್ದು ಎಲ್ಲರೂ ಹೇಳುತ್ತಾರೆ, ನಾನು ರಿನ್ಯೂವಲ್‌ದೂ ಕೇಳಿದೆ. "ರಿನ್ಯೂ ಮಾಡದಿದ್ರೆ ನನ್ನ ಹಳೇ ಲೆಕ್ಕ ನನಗೆ ಕಾಣುತ್ತಾ?" ಅಂತಲೂ ಕೇಳಿದೆ. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್ ಹಾಕುವ ಕೊನೆ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಹಳೇ ಲೆಕ್ಕ ನೋಡಬಹುದು, ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು ಅಂತ ಬರೆದು ಕೊಟ್ಟವರಿಂದಲೇ ತಗೊಂಡೆ.